ಗಾಳ ಹಾಕದ ಐತವಾರ

“ನೀರು ರಾಡಿ ಆಗೇತ್ರೀ ಸರ. ಈ ಸಲ ರಾಡ್ ತರಬ್ಯಾಡ್ರಿ, ರೊಟ್ಟಿ ತರ್ರಿ.”

ಗುರುವಾರ ರಾತ್ರಿ ನಮ್ಮ ಮೀನು ಹಿಡಿಯುವ ಗುಂಪಿನ ಸುಬೇದಾರರು ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟುಬಿಟ್ಟಾಗ ನನಗೆ ಸಿಟ್ಟೇ ಬಂದಿತ್ತು. ರಾಡ್ ಎಂದರೆ ನಮ್ಮ ಗಾಳದ ಕೋಲು. ಎರಡು ತಿಂಗಳಿನಿಂದ ಕಾಯ್ದುಕೊಂಡಿದ್ದ ಶನಿವಾರ, ಐತವಾರ ಅವು. ಜುಲೈ ಎರಡನೆಯ ವಾರವಾದರೂ ಬಾಗಲಕೋಟೆಯಲ್ಲಿ ಮಳೆಯ ಹೆಸರಿರಲಿಲ್ಲ; ಆದರೆ ನಮ್ಮ ಹೊಳೆಗಳಿಗೆ ನಮ್ಮ ಮಳೆಯ ಹಂಗಿಲ್ಲ. ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯಲ್ಲಿ, ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಅಲ್ಲಿ ಮಳೆ ಹಿಡಿದ ಸುದ್ದಿ ನಮಗೆ ನೀರಿನ ಬಣ್ಣವಾಗಿ ಬಂದು ಮುಟ್ಟುತ್ತದೆ. ಮೊದಲ ದಿನ ಹಾಲು ಕಡಿಮೆ ಹಾಕಿದ ಚಹಾದ ಬಣ್ಣ, ಮೂರನೆಯ ದಿನಕ್ಕೆ ಇಟ್ಟಂಗಿಯ ಬಣ್ಣ. ಬೇಸಿಗೆಯಿಡೀ ಬಿರಿದು ಬಿದ್ದಿದ್ದ ಆಲಮಟ್ಟಿ ಹಿನ್ನೀರಿನ ಎರೆಮಣ್ಣು ಆ ನೀರಿಗೆ ಕಲೆತು ಇನ್ನಷ್ಟು ಕದಡುತ್ತದೆ. ಜಲಾಶಯ ತನ್ನ 519.60 ಮೀಟರಿನ ಪೂರ್ಣ ಮಟ್ಟಕ್ಕೆ ಏರಿ, ನಿಂತು, ತಿಳಿಯಾಗುವ ತನಕ ನಮ್ಮಂಥವರಿಗೆ ದಂಡೆಯ ಮೇಲೆ ಕೆಲಸವಿಲ್ಲ.

ನಮ್ಮಂಥವರು ಎಂದರೆ ಫ್ಲೈ ಫಿಶಿಂಗ್‌ನ ಹುಚ್ಚು ಹತ್ತಿಸಿಕೊಂಡವರು. ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಗಾಳಕ್ಕೆ ಸಿಕ್ಕಿಸಿ ಕೂತವನಿಗೆ ರಾಡಿ ನೀರಿನಲ್ಲೂ ಆಸೆಯುಂಟು, ಏಕೆಂದರೆ ಮೀನು ವಾಸನೆ ಹಿಡಿದು ಬರುತ್ತದೆ. ನಮ್ಮ ಗಾಳಕ್ಕೆ ಕಟ್ಟಿರುವುದು ಗರಿ, ದಾರ, ತಂತಿಗಳಿಂದ ಮಾಡಿದ ಸುಳ್ಳು ಹುಳ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಅದು ನೀರಿನಲ್ಲಿ ನಡೆಯುವ ರೀತಿಯನ್ನು ಮೀನು ಕಣ್ಣಾರೆ ಕಂಡು ನಂಬಬೇಕು. ಗೇಣುದ್ದದಾಚೆ ಏನೂ ಕಾಣದ ನೀರಿನಲ್ಲಿ ಅಂಥ ಹುಳ ಬಿಡುವುದೂ ಕತ್ತಲ ಕೋಣೆಯಲ್ಲಿ ಬಯಲಾಟ ಆಡುವುದೂ ಒಂದೇ.

ಇನ್ನೊಂದು ಕಾರಣವೂ ಇತ್ತು, ಅದು ನಮ್ಮ ಗುಂಪಿನ ಪಶುವೈದ್ಯರು ಹಾಕಿಕೊಟ್ಟ ಕಟ್ಟಳೆ. ಕಟ್ಲಾ, ರೋಹು, ಮೃಗಾಲ್ ಮೀನುಗಳು ಮೊಟ್ಟೆಯಿಡುವುದು ಮುಂಗಾರಿನ ಹೊಸ ನೀರು ಏರುವಾಗಲೇ. ನಿಂತ ಕೆರೆಯಲ್ಲಿ ಇವು ಎಷ್ಟು ಕೊಬ್ಬಿದರೂ ತಾವಾಗಿ ಮರಿ ಮಾಡುವುದಿಲ್ಲ. ಹರಿವ ನೀರಿನ ನೂಕು ಬೇಕು, ಆಗಷ್ಟೇ ಮುಳುಗಿದ ದಂಡೆಯ ತಗ್ಗು ಬೇಕು. ಈ ಹಟಮಾರಿತನದಿಂದಾಗಿಯೇ ಒಂದು ಕಾಲಕ್ಕೆ ಮೀನುಮರಿಗಾಗಿ ಹೊಳೆಯನ್ನೇ ಸೋಸಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರು ಮೀನಿನ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇವುಗಳಿಂದ ಮೊಟ್ಟೆ ಬಿಡಿಸಿದ್ದರಿಂದ ಅದು ತಪ್ಪಿತು. ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನವಾದದ್ದೂ ಅದರ ನೆನಪಿಗೇ. ಡಾಕ್ಟರಿಗೆ ಈ ಕಥೆ ಹೇಳುವುದೆಂದರೆ ಬಹಳ ಪ್ರೀತಿ, ನಾವು ಪ್ರತಿ ವರ್ಷ ಕೇಳುತ್ತೇವೆ. “ಬಾಣಂತಿ ಮನಿ ಮುಂದ ಬಾಜಾ ಬಾರಿಸ್ತಾರೇನ್ರೀ?” ಎಂಬುದು ಅವರ ಕೊನೆಯ ಮಾತು. ಅದಾದ ಮೇಲೆ ಯಾರೂ ವಾದಿಸುವುದಿಲ್ಲ.

ನಾನು ಮಾತ್ರ ಶನಿವಾರ ಮಧ್ಯಾಹ್ನ ಮನೆ ಬಿಡುವಾಗ ರೊಟ್ಟಿಯ ಗಂಟನ್ನು ಎಲ್ಲರಿಗೂ ಕಾಣುವ ಹಾಗೆ ಮುಂದಿನ ಸೀಟಿನ ಮೇಲಿಟ್ಟು, ರಾಡಿನ ಕೊಳವೆಯನ್ನು ಡಿಕ್ಕಿಯಲ್ಲಿ ಜಮಖಾನೆಯ ಕೆಳಗೆ ಅಡಗಿಸಿಟ್ಟುಕೊಂಡು ಹೊರಟೆ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅನಗವಾಡಿಯ ಸೇತುವೆಯ ಮೇಲೆ ಕಾರು ನಿಲ್ಲಿಸಿ ಕೆಳಗೆ ನೋಡಿದೆ: ಜಾಲಿಕಂಟಿಗಳನ್ನೂ ಒಂದು ಹರಿದ ಚಪ್ಪಲಿಯನ್ನೂ ಹೊತ್ತುಕೊಂಡು ಘಟಪ್ರಭೆ ದಪ್ಪಗೆ ಸಾಗುತ್ತಿತ್ತು. ಸುಬೇದಾರರು ಸುಳ್ಳು ಹೇಳಿರಲಿಲ್ಲ. ಆದರೂ ಕೊಳವೆಯನ್ನು ಮನೆಗೆ ಹಿಂದಿರುಗಿಸುವ ಮನಸ್ಸಾಗಲಿಲ್ಲ.

ನಮ್ಮ ಗುಂಪಿನ ಬಗ್ಗೆ ಎರಡು ಮಾತು ಹೇಳಬೇಕು. ಬಾಗಲಕೋಟೆ ಜಿಲ್ಲೆಯಲ್ಲಿ ಈ ವಿದ್ಯೆ ಹುಟ್ಟುವುದಕ್ಕೆ ಯಾವ ಕಾರಣವೂ ಇಲ್ಲ. ಇದು ತಣ್ಣೀರಿನ ಹೊಳೆಗಳ, ಟ್ರೌಟ್ ಮೀನಿನ ದೇಶಗಳಲ್ಲಿ ಬೆಳೆದದ್ದು. ಸುಬೇದಾರರು ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರದಲ್ಲಿ ತರಬೇತಿ ಪಡೆದು ಸೈನ್ಯ ಸೇರಿದವರು. ಕಾಶ್ಮೀರದಲ್ಲಿದ್ದಾಗ ಪಹಲ್ಗಾಮಿನ ಹತ್ತಿರ ಲಿದ್ದರ್ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಗಾಳಿಯಲ್ಲಿ ದಾರ ಆಡಿಸುತ್ತಿದ್ದವರನ್ನು ಕಂಡು ಮರುಳಾದರು. 1900ರ ಹೊತ್ತಿಗೆ ಬ್ರಿಟನ್ನಿನಿಂದ ಹಡಗೇರಿ ಬಂದ ಮೊಟ್ಟೆಗಳಿಂದ ಅಲ್ಲಿ ನೆಲೆಯಾದ ಕಂದು ಟ್ರೌಟ್‌ಗಳ ಹೊಳೆ ಅದು. ನಿವೃತ್ತಿಯಾಗಿ ಬರುವಾಗ ಟ್ರಂಕಿನಲ್ಲಿ ನಾಲ್ಕು ತುಂಡಿನ ಒಂದು ರಾಡ್ ತಂದರು. ಟ್ರೌಟ್ ಇಲ್ಲದ ನಮ್ಮ ನೀರಿನಲ್ಲಿ ಜಿಲೇಬಿ ಮೀನು, ಕೊರಮೀನು, ಅಪರೂಪಕ್ಕೆ ಒಂದು ರೋಹು ಈ ಸುಳ್ಳು ಹುಳಕ್ಕೆ ಬಾಯಿ ಹಾಕುತ್ತವೆಂದು ಕಂಡುಕೊಳ್ಳಲು ಅವರಿಗೆ ಎರಡು ವರ್ಷ ಬೇಕಾಯಿತಂತೆ. ಆಮೇಲೆ ಅವರ ಹಿಂದೆ ಒಬ್ಬೊಬ್ಬರಾಗಿ ನಾವು ಕೂಡಿಕೊಂಡೆವು: ಪಶುವೈದ್ಯರು, ಇತಿಹಾಸದ ಮಾಸ್ತರರು, ಗುಳೇದಗುಡ್ಡದ ನೇಕಾರ ಅಣ್ಣಾರು, ಬೀಳಗಿ ತಾಲೂಕಿನ ಹಿನ್ನೀರಿನ ದಂಡೆಯಲ್ಲಿ ಕಬ್ಬಿನ ತೋಟವಿರುವ ಗೌಡರು, ಬ್ಯಾಂಕಿನ ಕುರ್ಚಿಯಲ್ಲಿ ಸವೆಯುವ ನಾನು. ಆರು ಮಂದಿಯಲ್ಲಿ ನಾಲ್ವರು ಮೀನು ತಿನ್ನುವವರೇ ಅಲ್ಲ. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುವುದು ಈ ಆಟದ ಪದ್ಧತಿಯಾದ್ದರಿಂದ ಮನೆಯವರ ಮುಂದೆ ಹೇಗೋ ಮಾನ ಉಳಿದಿದೆ. ನನ್ನ ಅವ್ವ ಮಾತ್ರ, “ತಿನ್ನಾಂಗಿಲ್ಲ, ಮಾರಾಂಗಿಲ್ಲ, ಅದರ ಬಾಯಾಗ ಮುಳ್ಳ ಚುಚ್ಚೂದು ಯಾಕ?” ಎಂದು ಈಗಲೂ ಕೇಳುತ್ತಾಳೆ.

ಗೌಡರ ತೋಟದ ಮನೆಯ ಪಡಸಾಲೆಯಲ್ಲಿ ನಾನು ಹೋಗುವಷ್ಟರಲ್ಲಿ ಜಮಖಾನೆ ಹಾಸಿಯಾಗಿತ್ತು. ನಡುವೆ ಒಂದು ಹಳೆಯ ಊಟದ ಮಣೆ, ಅದರ ಅಂಚಿಗೆ ಬಿಗಿದ ಪುಟ್ಟ ವೈಸ್, ಅದರ ಹಲ್ಲಿನಲ್ಲಿ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗಾಳ. ಅಣ್ಣಾರು ಕನ್ನಡಕ ಏರಿಸಿಕೊಂಡು ಅದರ ಮುಂದೆ ಕೂತಿದ್ದರು. ಗುಳೇದಗುಡ್ಡದಲ್ಲಿ ಖಣ ನೇಯುವ ಮನೆತನ ಅವರದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಬೆಳೆದ ಜೀವ. ಹೊಳೆಯ ದಂಡೆಯಲ್ಲಿ ಅವರು ನಮ್ಮೆಲ್ಲರಿಗಿಂತ ಕೆಟ್ಟ ಬೇಟೆಗಾರರು, ದಾರ ಬೀಸಿದರೆ ಹತ್ತರಲ್ಲಿ ನಾಲ್ಕು ಸಲ ತಮ್ಮ ಟೊಪ್ಪಿಗೆಗೇ ಸಿಕ್ಕಿಸಿಕೊಳ್ಳುತ್ತಾರೆ. ಹುಳ ಕಟ್ಟುವುದರಲ್ಲಿ ಅವರ ಹತ್ತಿರ ನಿಲ್ಲುವವರು ನನಗೆ ಗೊತ್ತಿಲ್ಲ.

ನಾನು ಮೊದಲ ಸಲ ಅವರ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದ್ದು ಅಂದೇ. ಗಾಳದ ಕಾಲಿನ ಮೇಲೆ ಕಪ್ಪು ರೇಷ್ಮೆಯ ಎಳೆಯನ್ನು ಒಂದರ ಪಕ್ಕ ಒಂದು, ಸಂದಿಯಿಲ್ಲದೆ, ಬುಡದ ತನಕ ಸುತ್ತಿದರು. ಅಲ್ಲಿ ಹುಂಜದ ಕೊರಳ ಗರಿಯಿಂದ ಕಿತ್ತ ಏಳೆಂಟು ಎಳೆಗಳನ್ನು ಬಾಲವಾಗಿ ಕೂರಿಸಿದರು. ಬಳಿಕ ನವಿಲುಗರಿಯ ಕಡ್ಡಿಯಿಂದ ಎರಡು ಎಳೆ ಬಿಡಿಸಿ, ಅವನ್ನು ರೇಷ್ಮೆಯೊಂದಿಗೆ ಹೊಸೆದು ಮೈಯಾಗಿ ಸುತ್ತಿದಾಗ ಅದು ಕಂಚಿನ ಬಣ್ಣದಿಂದ ಹಸಿರಿಗೂ ಹಸಿರಿನಿಂದ ನೀಲಿಗೂ ಹೊರಳಿ ನಿಜವಾದ ಜೀರುಂಡೆಯ ಹೊಟ್ಟೆಯಂತೆ ಮಿನುಗಿತು. ಮೇಲೆ ದೂರದೂರಕ್ಕೆ ಐದು ಸುತ್ತು ತಾಮ್ರದ ತಂತಿ. ಈ ತಂತಿ ಬಂದದ್ದು ಗೌಡರ ಬೋರಿನ ಮೋಟರು ಸುಟ್ಟಾಗ ವೈಂಡಿಂಗ್ ಅಂಗಡಿಯವನು ಬಿಚ್ಚಿ ಎಸೆದ ಸುರುಳಿಯಿಂದ. ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ಎಂಬಾತ ದಾರದ ಗೊಡವೆಯೇ ಬೇಡವೆಂದು ಬರೀ ತಾಮ್ರದ ತಂತಿಯಿಂದಲೇ ಗರಿಯನ್ನು ಬಿಗಿದು ಹುಳ ಕಟ್ಟಿದ್ದನೆಂದು ಸುಬೇದಾರರು ಹಿಂದೊಮ್ಮೆ ಹೇಳಿದ್ದರು. ತಂತಿಯ ಭಾರಕ್ಕೆ ಹುಳ ಬೇಗ ಮುಳುಗುತ್ತದೆ, ಅದೇ ಅದರ ಗುಟ್ಟು. ಅಣ್ಣಾರು ಅದನ್ನು ಒಪ್ಪಿರಲಿಲ್ಲ. ದಾರವಿಲ್ಲದ ಕೆಲಸ ಅವರಿಗೆ ಕೆಲಸವೇ ಅಲ್ಲ.

ಕೊನೆಯ ಗಂಟಿಗೆ ಬಂದಾಗ ಅವರು ಉಸಿರು ಹಿಡಿದದ್ದು ನನಗೆ ಕೇಳಿಸಿತು. ದಾರ ತನ್ನ ಮೇಲೆ ತಾನೇ ನಾಲ್ಕು ಸುತ್ತು ಸುತ್ತಿಕೊಂಡು, ತನ್ನದೇ ಸುತ್ತಿನಡಿ ನುಸುಳಿ, ಎಳೆದೊಡನೆ ಮಾಯವಾಗುವ ಗಂಟು ಅದು. ಬೆರಳು ಸವರಿದರೂ ಉಬ್ಬು ತಾಕುವುದಿಲ್ಲ. ಮೇಲೆ ಮಗಳ ಉಗುರುಬಣ್ಣದ ಒಂದು ಹನಿ. “ಮಗ್ಗದಾಗ ಎಳಿ ಹರದ್ರ ಹಿಂಗ ಹಾಕಬೇಕ್ರೀ,” ಎಂದರು ಅಣ್ಣಾರು. “ಗಂಟು ಕಂಡ್ರ ಅರಿವಿ ಕೊಳ್ಳಾವ್ರು ಬೆರಳಿಟ್ಟು ತೋರಸ್ತಾರ. ಮೀನೂ ಹಂಗ ಇರಬೇಕು.”

ಆಗ ಮಾತು ದಾರದ ಕಡೆಗೆ ಹೊರಳಿತು. ಈ ಆಟದಲ್ಲಿ ದೂರ ಎಸೆಯಲು ಬೇಕಾದ ಭಾರವಿರುವುದು ದಾರಕ್ಕೆ, ಹುಳಕ್ಕೆ ಅಷ್ಟು ತೂಕವೇ ಇಲ್ಲ. ಆದ್ದರಿಂದಲೇ ದಾರಕ್ಕೆ ತೂಕದ ನಂಬರು ಕೊಡುತ್ತಾರೆ. ಐದನೆಯ ನಂಬರಿನ ದಾರವೆಂದರೆ ಅದರ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಇದನ್ನು ಕೇಳಿ ಅಣ್ಣಾರು ಮೊಣಕಾಲು ಚಪ್ಪರಿಸಿಕೊಂಡರು. ರೇಷ್ಮೆಗೂ ಇದೇ ಲೆಕ್ಕ: 9,000 ಮೀಟರು ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಲ್ಲೊಂದು ಒಂಬತ್ತು, ಇಲ್ಲೊಂದು ಒಂಬತ್ತು ಬಂದದ್ದು ಬರೀ ಕಾಕತಾಳೀಯವೆಂದು ಡಾಕ್ಟರು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಪ್ಲಾಸ್ಟಿಕ್ ಲೇಪದ ದಾರ ಬರುವ ಮುಂಚೆ ಈ ದಾರಗಳನ್ನು ರೇಷ್ಮೆಯಲ್ಲೇ ಹೆಣೆಯುತ್ತಿದ್ದರು, ತೇಲಲೆಂದು ಜಿಡ್ಡು ಸವರಿ ದಿನದ ಕೊನೆಗೆ ಬಿಚ್ಚಿ ಒಣಗಿಸುತ್ತಿದ್ದರು ಎಂದು ಸುಬೇದಾರರು ಹೇಳಿದರು. ಸುಳ್ಳು ಹುಳವನ್ನು ದಾರಕ್ಕೆ ಜೋಡಿಸುವ, ಕಣ್ಣಿಗೆ ಕಾಣದ ಎಳೆಯನ್ನು, ಇನ್ನೇನು ಗೂಡು ಕಟ್ಟಲಿರುವ ರೇಷ್ಮೆಹುಳುವನ್ನು ವಿನಿಗರ್‌ನಲ್ಲಿ ನೆನೆಸಿ, ಅದರ ಹೊಟ್ಟೆಯ ರೇಷ್ಮೆ ಚೀಲವನ್ನೇ ಜಗ್ಗಿ ಮಾಡುತ್ತಿದ್ದರೆಂದಾಗ ಅಣ್ಣಾರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. “ಅಷ್ಟ ಹೇಳಬಾರದಿತ್ತು ನೀವು,” ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಗೌಡತಿಯವರು ಚಹಾ ಕಳಿಸಿದ್ದು ಒಳ್ಳೆಯದಾಯಿತು.

ರಾತ್ರಿಯ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ಕೊನೆಗೆ ಮಾಸ್ತರರು ತಂದಿದ್ದ ಅಮೀನಗಡದ ಕರದಂಟು. ಕರದಂಟು ಕೊಟ್ಟವರಿಗೆ ಭಾಷಣ ಮಾಡುವ ಹಕ್ಕಿದೆ. ಗಾಳ ಹಾಕುವುದು ಬಿಳಿಯರ ಶೋಕಿಯೆಂದು ಡಾಕ್ಟರು ಎಂದೋ ಆಡಿದ್ದ ಮಾತನ್ನು ಮಾಸ್ತರರು ಮರೆತಿರಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 12ನೆಯ ಶತಮಾನದ ಮೊದಲ ಅರ್ಧದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳನ್ನು ಎಣಿಸುವಾಗ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ, ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಏನು ತಿನ್ನಿಸಬೇಕು, ಗಾಳದಿಂದ ಹೇಗೆ ಹಿಡಿಯಬೇಕು ಎಂದೆಲ್ಲ ಬರೆಸಿದ್ದಾನೆ. ಮೀನಿನ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಭಾಗದ ಮೇಲೆ ಪ್ರಬಂಧವನ್ನೇ ಬರೆದರು. “ನಾವು ಕೂತ ಈ ನೆಲಾನೂ ಆವಾಗ ಅವರ ರಾಜ್ಯದಾಗ ಇತ್ರೀ ಡಾಕ್ಟರ್,” ಎಂದು ಮಾಸ್ತರರು ಜಯಘೋಷದಂತೆ ಮುಗಿಸಿದರು. ರಾಜನೂ ಹಿಡಿದು ಬಿಡುತ್ತಿದ್ದನೇ ಎಂಬ ಗೌಡರ ಪ್ರಶ್ನೆಗೆ ಮಾತ್ರ ಮಾಸ್ತರರು ಇನ್ನೊಂದು ಕರದಂಟು ಬಾಯಿಗೆ ಹಾಕಿಕೊಂಡರು.

ಹಾಸಿಗೆಯಲ್ಲಿ ಬಿದ್ದುಕೊಂಡಾಗ ನನಗೆ ಒಂದು ವಿಚಿತ್ರ ಹೊಳೆಯಿತು. ಏಳು ವರ್ಷಗಳಿಂದ ಈ ಮಂದಿಯ ಜೊತೆ ದಂಡೆಗೆ ಹೋಗುತ್ತಿದ್ದೇನೆ, ಆದರೆ ಅಣ್ಣಾರು ಗಂಟು ಹಾಕುವಾಗ ಉಸಿರು ಹಿಡಿಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಈ ಆಟದಲ್ಲಿ ದಾರ ಮುಂದೆ ಹೋಗುವಷ್ಟೇ ಹಿಂದೆಯೂ ಹೋಗುತ್ತದೆ; ಹಿಂದೆ ನಿಂತವನ ಕಿವಿಗೆ ಗಾಳ ಸಿಕ್ಕಬಾರದೆಂದರೆ ನಲವತ್ತು, ಐವತ್ತು ಅಡಿ ದೂರ ನಿಲ್ಲಲೇಬೇಕು. ಬೆಳಗಿನಿಂದ ಸಂಜೆಯ ತನಕ ನಾವು ಆರು ಮಂದಿ ಒಬ್ಬರಿಂದೊಬ್ಬರು ದೂರದಲ್ಲಿ, ಒಂದೇ ಕಡೆ ಮುಖ ಮಾಡಿ, ಬಾಯಿ ಮುಚ್ಚಿ ನಿಂತಿರುತ್ತೇವೆ. ಗೆಳೆತನವೆಂದು ನಾನು ಅಂದುಕೊಂಡಿದ್ದರಲ್ಲಿ ಬಹುಪಾಲು ಬೆನ್ನುಗಳ ಪರಿಚಯ.

ಒಂದು ಬೆನ್ನಂತೂ ಹೋದ ವರ್ಷದಿಂದ ನನ್ನ ಕಡೆ ಗಟ್ಟಿಯಾಗಿಯೇ ತಿರುಗಿತ್ತು. ಕಳೆದ ಚಳಿಗಾಲದಲ್ಲಿ ನನ್ನ ಹುಳಕ್ಕೆ ಮೂರು ಕಿಲೋದ ರೋಹು ಬಿದ್ದಿತ್ತು. ಹಾಗೆ ಬೀಳುವುದೇ ಒಂದು ಸುದ್ದಿ. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಒಣಗೈ ತಾಕಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ. ನೀರಿನ ಹೊರಗೆ ನಾವು ಉಸಿರು ಬಿಗಿಹಿಡಿದಷ್ಟು ಹೊತ್ತಿಗಿಂತ ಹೆಚ್ಚು ಇಡಬಾರದು. ಇವೆಲ್ಲ ಸುಬೇದಾರರು ಮೊದಲ ದಿನವೇ ಕಲಿಸಿದ್ದ ಪಾಠ. ನಾನು ಫೋಟೋ ತೆಗೆಸಿಕೊಂಡೆ. ಕಣ್ಣು ಮುಚ್ಚಿದ್ದೆನೆಂದು ಇನ್ನೊಂದು. ಬಿಸಿಲು ಬೆನ್ನಿಗಿದೆಯೆಂದು ತಿರುಗಿ ನಿಂತು ಮೂರನೆಯದು. ಬಿಟ್ಟಾಗ ಮೀನು ಹೊಟ್ಟೆ ಮೇಲಾಗಿ ತೇಲಿತು. ಸುಬೇದಾರರು ಬೂಟು ಬಿಚ್ಚದೆ ನೀರಿಗಿಳಿದು, ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ಅರ್ಧ ಗಂಟೆ ನಿಂತರು. ಮೀನು ಉಳಿಯಲಿಲ್ಲ. ಅವರು ನನಗೆ ಬೈಯಲೂ ಇಲ್ಲ. ಅದಾದ ಮೇಲೆ ನಮ್ಮ ನಡುವೆ ನಡೆದದ್ದು ನೀರಿನ ಮಟ್ಟ, ಹೊರಡುವ ಹೊತ್ತು, ರೊಟ್ಟಿಯ ಲೆಕ್ಕ, ಇಷ್ಟೇ ಮಾತು.

ಐತವಾರ ನಸುಕಿನಲ್ಲಿ ನಾನೂ ಅವರೂ ಹಿನ್ನೀರಿನ ಕಡೆ ನಡೆದು ಹೋದೆವು, ಉಳಿದವರು ಮಲಗಿದ್ದರು. ಗೌಡರ ಹಳೆಯ ಊರು ಆ ನೀರಿನಡಿಯಲ್ಲಿದೆ, ಹನುಮಪ್ಪನ ಗುಡಿ ಇದ್ದ ಜಾಗವನ್ನು ಗೌಡರು ಈಗಲೂ ಬೆರಳಿಟ್ಟು ತೋರಿಸುತ್ತಾರೆ. ದಂಡೆಯಲ್ಲಿ ಅಂಬಿಗರ ಮುದುಕರೊಬ್ಬರು ತೆಪ್ಪ ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದರು. ನಮ್ಮನ್ನು ವರ್ಷಗಳಿಂದ ಬಲ್ಲವರು. “ಇವತ್ತು ಕೋಲು ತಂದಿಲ್ಲೇನ್ರೀ? ಚಲೋ ಆತು. ನೀವು ಹಿಡದು ಬಿಡೂದು ನೋಡಿದ್ರ ನನ್ನ ಹೊಟ್ಟಿ ಉರೀತೈತಿ,” ಎಂದು ನಕ್ಕರು. ಹೊಟ್ಟೆಪಾಡಿಗೆ ರಾತ್ರಿಯೆಲ್ಲ ಬಲೆ ಬಿಡುವವರ ಎದುರು ನಮ್ಮ ನೀತಿ, ನೇಮಗಳೆಲ್ಲ ಎಷ್ಟು ಹಗುರವೆಂದು ಆ ನಗೆಯಲ್ಲಿ ತಿಳಿಯುತ್ತಿತ್ತು. ಸುಬೇದಾರರು ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕುಂಚ ಇಸಿದುಕೊಂಡು ತೆಪ್ಪದ ಒಂದು ಮಗ್ಗುಲಿಗೆ ತಾವೇ ಡಾಂಬರು ಹಚ್ಚತೊಡಗಿದರು. ಕೆಲಸ ಮಾಡುತ್ತಲೇ, ನನ್ನ ಕಡೆ ನೋಡದೆ ಅಂದರು: “ಲಿದ್ದರದಾಗ ನಾನೂ ಒಂದು ಕೊಂದೀನ್ರೀ. ಫೋಟೋ ಸಲುವಾಗಿನ. ಆ ಫೋಟೋ ಇನ್ನೂ ಟ್ರಂಕಿನಾಗ ಐತಿ.”

ನನಗೆ ಏನು ಹೇಳಬೇಕೋ ತೋಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನನ್ನ ಡಿಕ್ಕಿಯಾಗ ರಾಡ್ ಐತ್ರೀ ಸಾಹೇಬ್ರ,” ಎಂದೆ.

“ಗೊತ್ತೈತಿ. ನಿನ್ನೆ ಜಮಖಾನಿ ತಗೀಬೇಕಾದ್ರ ನೋಡೀನಿ. ತರ್ರಿ, ಸಾಲಿ ಬಯಲಿಗೆ ಹೋಗೂಣು.”

ಪುನರ್ವಸತಿ ಕೇಂದ್ರದ ಶಾಲೆಯ ಬಯಲಿನಲ್ಲಿ, ಅಣ್ಣಾರು ಗಾಳದ ಬದಲಿಗೆ ದಾರದ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿಕೊಟ್ಟರು. ನನ್ನ ಬಗಲಲ್ಲಿ ಟವೆಲ್ ಸಿಕ್ಕಿಸಿ, ಅದು ಬೀಳದ ಹಾಗೆ ಬೀಸಲು ಸುಬೇದಾರರು ಹೇಳಿದರು. ಮೊಣಕೈ ಮೈಬಿಟ್ಟು ಹಾರುವುದೇ ನನ್ನ ಹಳೆಯ ದೋಷ. “ಹಿಂದ ಹೋದ ದಾರ ನೆಟ್ಟಗಾಗೂ ತನಕ ತಡೀರಿ. ಎಲ್ಲಾರೂ ಮುಂದ ಒಗ್ಯಾಕ ಅವಸರ ಮಾಡ್ತಾರ.” ಎಷ್ಟು ಹೊತ್ತು ತಡೆಯಬೇಕೆಂದು ಕೇಳಿದೆ. ಅವರು ಉತ್ತರ ಕೊಡದೆ ನನ್ನ ಹಿಂದೆ, ದಾರ ಬಿಚ್ಚಿಕೊಳ್ಳುವ ಕಡೆಯೇ ಬಂದು ನಿಂತರು. ಹೊಳೆಯಲ್ಲಾದರೆ ಅದು ಯಾರೂ ನಿಲ್ಲಬಾರದ ಜಾಗ. ನಾನು ಬೀಸಿದಂತೆಲ್ಲ ಅವರು, “ಈಗ... ಈಗ...” ಎನ್ನುತ್ತ ಹೋದರು. ಹತ್ತಿಪ್ಪತ್ತು ಸಲದ ಮೇಲೆ ದಾರ ಹಿಂದೆ ಪೂರ್ತಿ ಚಾಚಿ ನಿಂತ ಆ ಒಂದು ಕ್ಷಣದಲ್ಲಿ ರಾಡಿನ ತುದಿಯಿಂದ ಹಿಡಿಕೆಯ ತನಕ ಸಣ್ಣಗೆ ಜಗ್ಗಿದ್ದು ಅಂಗೈಗೆ ತಿಳಿಯಿತು. ಯಾರೋ ಹಿಂದಿನಿಂದ ಅಂಗಿಯ ತುದಿ ಹಿಡಿದ ಹಾಗೆ. ಆಗ ಮುಂದೆ ಬಿಟ್ಟೆ. ಕೆಂಪು ಉಣ್ಣೆ ಹೋಗಿ ಕೊಕ್ಕೋ ಕಂಬದ ಬುಡದಲ್ಲಿ ಸದ್ದಿಲ್ಲದೆ ಕೂತಿತು.

ಅಷ್ಟರಲ್ಲಿ ಹತ್ತು, ಹನ್ನೆರಡು ಹುಡುಗರು ನೆರೆದಿದ್ದರು. ಒಬ್ಬ ಧೈರ್ಯ ಮಾಡಿ ಕೇಳಿದ: “ಮಾಮಾ, ಇಲ್ಲಿ ನೀರ ಇಲ್ಲಲ್ರೀ, ಮೀನ ಎಲ್ಲಿಂದ ಬರ್ತಾವ್ರೀ?” ಡಾಕ್ಟರು ಜುಲೈ 10ರ ಕಥೆಗೆ ಗಂಟಲು ಸರಿಪಡಿಸಿಕೊಂಡದ್ದನ್ನು ಕಂಡು ಮಾಸ್ತರರು ಅವರನ್ನು ಚಹಾಕ್ಕೆಂದು ಎಳೆದುಕೊಂಡು ಹೋದರು. ಹುಡುಗರೆಲ್ಲ ಸರದಿಯಲ್ಲಿ ರಾಡ್ ಹಿಡಿದರು. ಒಬ್ಬ ಹುಡುಗಿ ಎರಡನೆಯ ಸಲಕ್ಕೇ ನನಗಿಂತ ದೂರ ಎಸೆದಳು, ಅಣ್ಣಾರು ಅವಳಿಗೆ ಉಣ್ಣೆಯ ಚೂರನ್ನು ಬಹುಮಾನವಾಗಿ ಕೊಟ್ಟರು.

ಹೊರಡುವಾಗ ಅಣ್ಣಾರು ನನ್ನ ಕೈಗೆ ಒಂದು ಕಡ್ಡಿಪೆಟ್ಟಿಗೆ ಇಟ್ಟರು. ನವಿಲುಗರಿಯ ಮೈ, ಮೋಟರಿನ ತಂತಿಯ ಐದು ಸುತ್ತಿನ ಆ ಹುಳ ಅದರಲ್ಲಿತ್ತು.

ಬುಧವಾರ ಸಂಜೆ ನಾನೇ ಸುಬೇದಾರರಿಗೆ ಫೋನು ಮಾಡಿ ನೀರು ಹೇಗಿದೆಯೆಂದು ಕೇಳಿದೆ.

“ಇನ್ನೂ ಕೆಂಪೈತ್ರೀ. ಇನ್ನ ತಿಂಗಳೊಪ್ಪತ್ತು ತಿಳಿ ಆಗೂ ಲಕ್ಷಣ ಇಲ್ಲ.”

“ಹಂಗಾದ್ರ ಈ ಐತವಾರ?”

ಅವರು ಸ್ವಲ್ಪ ತಡೆದರು. “ಅಣ್ಣಾರ ಕಪ್ಪು ದಾರ ಮುಗದೈತಂತ. ಬರುವಾಗ ಎರಡು ಉಂಡಿ ತರ್ರಿ. ಮತ್ತ ಗುರೆಳ್ಳು ಚಟ್ನಿ ಹೋದ ಸಲ ಸಾಲಲಿಲ್ಲ ನೋಡ್ರಿ.”